ಕೇಳುವ ಹಕ್ಕು ಯಾರಿಗಿದೆ?

ಆ ಹುಡುಗಿ ನನ್ನ ಟೀಮಿನವಳು. ಮೂರನೇ ತಿಂಗಳು ನಡೀತಿದೆ, ಮನೆಯವರನ್ನ ಬಿಟ್ಟರೆ ನಿಮಗೊಬ್ಬರಿಗೇ ಹೇಳ್ತಿರೋದು ಅಂತ ಕ್ಯಾಂಟೀನಿನಲ್ಲಿ ಹೇಳಿದ್ದಳು. ಅದಾದ ವಾರಕ್ಕೆ ಅಪ್ರೈಸಲ್ ಮೀಟಿಂಗು. ಅವಳ ಹೆಸರು ಬಂದಾಗ ಮ್ಯಾನೇಜರು ಎಲ್ಲರೆದುರಿಗೇ ನನ್ನ ಕಡೆ ತಿರುಗಿ, "ಏನಪ್ಪಾ, ಗುಡ್ ನ್ಯೂಸ್ ಏನಾದ್ರೂ ಇದೆಯಾ? ಪ್ರಮೋಶನ್ ತಗೊಂಡು ಆರು ತಿಂಗಳು ಲೀವ್ ಹಾಕಿ ಹೋಗೋದು ಬೇಡ ಮತ್ತೆ" ಅಂದರು. "ಹಾಗೇನೂ ಇಲ್ಲ ಸಾರ್" ಅಂದೆ. ಕಣ್ಣು ಕೂಡ ಮಿಟುಕಿಸಲಿಲ್ಲ. ಅವಳಿಗೆ ಪ್ರಮೋಶನ್ ಸಿಕ್ಕಿತು.

ಈ ಕಥೆಯನ್ನು ನಾನು ನಮ್ಮ ಚರ್ಚಿನ ಓದುಗುಂಪಿನಲ್ಲಿ ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಂಡಿದ್ದೆ. ಭಾನುವಾರ ಆರಾಧನೆ ಮುಗಿದ ಮೇಲೆ ಸಂಡೇ ಸ್ಕೂಲಿನ ಮಕ್ಕಳು ಖಾಲಿ ಮಾಡಿದ ಕೋಣೆಯಲ್ಲಿ, ಅವರ ಪುಟ್ಟ ಕುರ್ಚಿಗಳ ಮೇಲೇ ಮಂಡಿ ಮಡಚಿಕೊಂಡು ಕೂರುವ ಎಂಟು–ಹತ್ತು ಜನ ನಾವು. ಇಬ್ಬರು ಸಾಫ್ಟ್‌ವೇರಿನವರು, ಒಬ್ಬ ಬ್ಯಾಂಕಿನವನು, ಒಬ್ಬಳು ನರ್ಸ್, ಬಾಕಿಯವರು ಆಗಾಗ ಬಂದುಹೋಗುವವರು. ಎಲ್ಲರಿಗಿಂತ ಹಿರಿಯರೆಂದರೆ ಮಂಗಳೂರು ಕಡೆಯ ಒಬ್ಬ ರಿಟೈರ್ಡ್ ಹೆಡ್‌ಮಿಸ್ಟ್ರೆಸ್. ನಾವೆಲ್ಲ ಟೀಚರ್ ಅಂತಲೇ ಕರೆಯೋದು. ಕ್ರೈಸ್ತ ನೀತಿಶಾಸ್ತ್ರ ಅನ್ನುವ ದೊಡ್ಡ ಹೆಸರಿಟ್ಟುಕೊಂಡು ಶುರುಮಾಡಿದ ಗುಂಪು ಮೊದಲ ವರ್ಷವೆಲ್ಲ ದಶಮಾಂಶವನ್ನ ಗ್ರಾಸ್ ಮೇಲೆ ಲೆಕ್ಕ ಹಾಕಬೇಕಾ ನೆಟ್ ಮೇಲಾ ಅನ್ನುವಂಥ ಚರ್ಚೆಯಲ್ಲೇ ಕಳೆಯಿತು. ಆಮೇಲೆ ಯಾರೋ ಡೀಟ್ರಿಕ್ ಬಾನ್‌ಹೋಫರನ ಪುಸ್ತಕದ ಜೆರಾಕ್ಸ್ ತಂದರು.

ಬಾನ್‌ಹೋಫರ್ ಹೆಸರು ನಿಮಗೂ ಗೊತ್ತಿರಬಹುದು. ಮೂರ್ಖತನ ದುಷ್ಟತನಕ್ಕಿಂತ ಅಪಾಯಕಾರಿ ಅನ್ನುವ ಅವನ ಮಾತು ವಾಟ್ಸಾಪಿನಲ್ಲಿ, ಲಿಂಕ್ಡ್‌ಇನ್‌ನಲ್ಲಿ ಓಡಾಡ್ತಾ ಇರುತ್ತೆ. ಕಳಿಸುವವರೆಲ್ಲ ಮೂರ್ಖರು ಬೇರೆ ಯಾರೋ ಅಂದುಕೊಂಡೇ ಕಳಿಸುತ್ತಾರೆ, ಅದು ಬೇರೆ ಮಾತು. 1906ರಲ್ಲಿ ಹುಟ್ಟಿದ ಜರ್ಮನ್ ಪಾದ್ರಿ, ಹಿಟ್ಲರನ ವಿರುದ್ಧ ಒಳಸಂಚು ಮಾಡಿದವರ ಜೊತೆಗಿದ್ದು 39ನೇ ವಯಸ್ಸಿಗೆ ಗಲ್ಲಿಗೇರಿದವನು.

ನಾವು ಓದಿದ್ದು ಬರ್ಲಿನ್ನಿನ ಟೆಗಲ್ ಜೈಲಿನಲ್ಲಿ ಅವನು ಬರೆಯಲು ಹಿಡಿದು ಮುಗಿಸದೇ ಬಿಟ್ಟ ಒಂದು ಪ್ರಬಂಧ. ಸತ್ಯ ಹೇಳುವುದು ಅಂದರೇನು ಅನ್ನುವುದೇ ಅದರ ವಿಷಯ. ಅದರಲ್ಲೊಂದು ಉದಾಹರಣೆ ಬರುತ್ತದೆ. ಮೇಷ್ಟ್ರೊಬ್ಬರು ತುಂಬಿದ ಕ್ಲಾಸಿನಲ್ಲಿ ಒಂದು ಮಗುವನ್ನು ಎಬ್ಬಿಸಿ, ನಿಮ್ಮಪ್ಪ ದಿನಾ ಕುಡಿದು ಬರೋದು ಹೌದಾ ಅಂತ ಕೇಳುತ್ತಾರೆ. ಹೌದು, ಅಪ್ಪ ಕುಡಿಯುತ್ತಾನೆ. ಮಗು ಇಲ್ಲ ಅನ್ನುತ್ತದೆ. ಬಾನ್‌ಹೋಫರನ ಪ್ರಕಾರ ಮಗು ಹೇಳಿದ್ದನ್ನು ಸುಳ್ಳು ಅಂತ ಕರೆಯಬಹುದು. ಆದರೂ ಆ ಸುಳ್ಳಿನಲ್ಲಿ ಸತ್ಯದ ಪಾಲು ಹೆಚ್ಚಿದೆ, ಯಾಕೆಂದರೆ ಮನೆಯೊಳಗಿನ ಸಂಗತಿಗೆ ಕೈಹಾಕುವ ಅಧಿಕಾರ ಆ ಮೇಷ್ಟ್ರಿಗಿಲ್ಲ. ಇನ್ನಷ್ಟು ಬೆಳೆದವನಾಗಿದ್ದರೆ ಜಾಣತನದಿಂದ ಮಾತು ತೇಲಿಸಿಬಿಡುತ್ತಿದ್ದ. ಮಗುವಿಗೆ ಆ ವಿದ್ಯೆ ಬರುವುದಿಲ್ಲ. ಆ ಸುಳ್ಳಿನ ತಪ್ಪು ಮೇಷ್ಟ್ರ ತಲೆಗೇ ಬರುತ್ತದೆ.

ಇದನ್ನು ಓದಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ನನ್ನದೇ ಕೇಸು! ಮೇಷ್ಟ್ರ ಜಾಗದಲ್ಲಿ ಮ್ಯಾನೇಜರು ಅಷ್ಟೇ. ಬ್ಯಾಂಕಿನ ಹುಡುಗ ಒಪ್ಪಲಿಲ್ಲ. "ಹಾಗಾದ್ರೆ ಆಡಿಟರ್ ಕೇಳಿದಾಗಲೂ ನಿಂಗೆ ಕೇಳೋ ಹಕ್ಕಿಲ್ಲ ಅನ್ನಬಹುದಲ್ಲ? ನಮ್ಮ ಹರಿಶ್ಚಂದ್ರ ಹೀಗೆಲ್ಲ ಲೆಕ್ಕ ಹಾಕಿದ್ನಾ?" ಅಂದ. ನಮಗೆ ಕನ್ನಡದವರಿಗೆ ಇದು ಸುಲಭದ ಪ್ರಶ್ನೆಯಲ್ಲ ನೋಡಿ. ರಾಘವಾಂಕನ ಕಾವ್ಯ ಓದದವನಿಗೂ ಸ್ಮಶಾನ ಕಾಯುವ ಹರಿಶ್ಚಂದ್ರ ಗೊತ್ತು. ಚರ್ಚಿನ ಮಕ್ಕಳೂ ಪುಣ್ಯಕೋಟಿಯ ಕಥೆ ಕೇಳಿಯೇ ಬೆಳೆದವರು. ಕೊಟ್ಟ ಮಾತಿಗೆ ಹುಲಿಯ ಬಾಯಿಗೇ ನಡೆದುಕೊಂಡು ಹೋಗುವ ಹಸು ನಮ್ಮದು. ಮನೆಗೆ ನುಗ್ಗಿದ ಕೊಲೆಗಾರ ನಿನ್ನ ಸ್ನೇಹಿತ ಒಳಗಿದ್ದಾನಾ ಅಂತ ಕೇಳಿದರೂ ಸುಳ್ಳು ಹೇಳಬಾರದು ಅಂತ 1797ರಲ್ಲಿ ಬರೆದ ಕಾಂಟ್ ಇಲ್ಲಿಗೆ ಬಂದಿದ್ದರೆ ಆರಾಮಾಗಿ ಕೂತು ಹರಿಶ್ಚಂದ್ರ ನಾಟಕ ನೋಡುತ್ತಿದ್ದನೇನೋ.

ಟೀಚರ್ ಮಾತ್ರ ಈ ವಾದಕ್ಕೇ ಬರಲಿಲ್ಲ. ಕನ್ನಡಕ ಒರೆಸಿಕೊಳ್ಳುತ್ತಾ ನನ್ನನ್ನು ಕೇಳಿದರು: "ಸುಳ್ಳು ಹೇಳಿದ್ದು ಸರಿ ಮಾರಾಯ. ಆಮೇಲೆ ಆ ಹುಡುಗಿಗೆ ಏನಾಯ್ತು?"

ನಾನು ಮಾತು ತೇಲಿಸಿದೆ. ನನಗೆ ಆ ವಿದ್ಯೆ ಬರುತ್ತದೆ. ಬದಲಿಗೆ, ಇದನ್ನು ಬರೆದವನು ಇಂಥ ಮಾತಿಗೆ ಹೇಗೆ ಬಂದ ಅಂತ ಮುಂದಿನ ಸಲ ಹೇಳ್ತೀನಿ ಟೀಚರ್ ಅಂತ ಒಪ್ಪಿಕೊಂಡೆ. ಆ ಒಂದು ತಿಂಗಳು ಓದಿದ್ದರಲ್ಲಿ ನನಗೆ ಗಲ್ಲಿನ ಕಥೆಗಿಂತ ಹೆಚ್ಚು ಕಾಡಿದ್ದು ಒಂದು ಶವಸಂಸ್ಕಾರದ ಕಥೆ.

1933. ಜನವರಿ ಕೊನೆಗೆ ಹಿಟ್ಲರ್ ಚಾನ್ಸಲರ್ ಆಗಿದ್ದಾನೆ. ಏಪ್ರಿಲ್ 1ಕ್ಕೆ ಯಹೂದಿ ಅಂಗಡಿಗಳ ಬಹಿಷ್ಕಾರ; ಬಾಗಿಲಲ್ಲಿ ಕಂದು ಅಂಗಿಯ ಪಡೆ ಕಾವಲು ನಿಂತಿದೆ. 90 ದಾಟಿದ ಬಾನ್‌ಹೋಫರನ ಅಜ್ಜಿ ಯೂಲಿಯೆ ಆ ಪಡೆಯ ನಡುವೆಯೇ ನಡೆದುಕೊಂಡು ಹೋಗಿ ಬರ್ಲಿನ್ನಿನ ದೊಡ್ಡ ಅಂಗಡಿಯೊಂದರಲ್ಲಿ ವ್ಯಾಪಾರ ಮುಗಿಸಿ ಬಂದರು. ಏಪ್ರಿಲ್ 7ಕ್ಕೆ ಯಹೂದಿ ಮೂಲದವರನ್ನು ಸರ್ಕಾರಿ ಕೆಲಸದಿಂದ ತೆಗೆಯುವ ಕಾನೂನು ಬಂತು. ಮೊಮ್ಮಗನೂ ಸುಮ್ಮನಿರಲಿಲ್ಲ. ಅದೇ ತಿಂಗಳು ಚರ್ಚ್ ಮತ್ತು ಯಹೂದಿಗಳ ಪ್ರಶ್ನೆಯ ಬಗ್ಗೆ ಒಂದು ಲೇಖನ ಬರೆದ. ಸರ್ಕಾರ ತಪ್ಪಿದಾಗ ಅದನ್ನು ಪ್ರಶ್ನಿಸಬೇಕು, ಗಾಲಿಯ ಕೆಳಗೆ ಸಿಕ್ಕವರಿಗೆ ಪಟ್ಟಿ ಕಟ್ಟಬೇಕು, ಬೇಕಾದರೆ ಗಾಲಿಗೇ ಅಡ್ಡ ಬಿದ್ದು ನಿಲ್ಲಿಸಬೇಕು ಅನ್ನುವ ಅರ್ಥದ ಮಾತು ಅದರಲ್ಲಿದೆ. ಆಗ ಅವನಿಗೆ 27 ವರ್ಷ. ಅಷ್ಟು ಬೇಗ ಅಷ್ಟು ನೇರವಾಗಿ ಬರೆದ ಪಾದ್ರಿಗಳು ಬೆರಳೆಣಿಕೆ.

ಅದೇ ಏಪ್ರಿಲ್ 11ಕ್ಕೆ ಅವನ ಅವಳಿ ತಂಗಿ ಸಬೀನೆಯ ಮಾವ ತೀರಿಕೊಂಡರು. ಸಬೀನೆಯ ಗಂಡ ಗೆರ್ಹಾರ್ಡ್ ಲೈಬ್‌ಹೋಲ್ಜ್ ದೀಕ್ಷಾಸ್ನಾನ ಪಡೆದವನು. ಅವನ ತಂದೆ ಯಹೂದಿಯಾಗಿಯೇ ಉಳಿದಿದ್ದವರು. ಸಂಸ್ಕಾರದ ಪ್ರಸಂಗ ನೀನೇ ಮಾಡು ಅಂತ ಮನೆಯವರು ಬಾನ್‌ಹೋಫರನನ್ನು ಕೇಳಿದರು. ಅವನು ತನ್ನ ಮೇಲಧಿಕಾರಿಯನ್ನು ಕೇಳಿದ. ಈ ಹೊತ್ತಿನಲ್ಲಿ ಬೇಡ ಅಂತ ಅವರು ಸಲಹೆ ಕೊಟ್ಟರು. ಅವನು ಒಲ್ಲೆ ಅಂದ.

ಅಷ್ಟೇ ಘಟನೆ. ಯಾರೂ ಅವನ ತಲೆಗೆ ಬಂದೂಕು ಹಿಡಿದಿರಲಿಲ್ಲ. ಗಾಲಿಗೆ ಅಡ್ಡ ಬೀಳಬೇಕು ಅಂತ ಬರೆಯುತ್ತಿದ್ದ ತಿಂಗಳಲ್ಲೇ ತಂಗಿಯ ಮಾವನ ಶವದ ಪಕ್ಕ ನಿಂತು ನಾಲ್ಕು ಮಾತು ಆಡಲಿಕ್ಕೆ ಆಗಲಿಲ್ಲ. ನೀತಿಶಾಸ್ತ್ರದ ಪುಸ್ತಕಗಳಲ್ಲಿ ಬಾಗಿಲಿಗೆ ಬರುವವನು ಯಾವಾಗಲೂ ಕೊಲೆಗಾರನೇ. ನಿಜದಲ್ಲಿ ಬರುವುದು ಮೇಲಧಿಕಾರಿಯ ಸಲಹೆ: ಈಗ ಬೇಡ, ಸ್ವಲ್ಪ ದಿನ ಹೋಗಲಿ. ಪ್ರೊಸೀಜರ್ ಪ್ರಕಾರ ಕೇಳಿದೆ, ಬೇಡ ಅಂದರು, ಮುಗಿಯಿತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಎಸ್ಕಲೇಟ್ ಮಾಡಿ ಕೈತೊಳೆದುಕೊಂಡ.

ಕೈ ತೊಳೆದುಕೊಂಡದ್ದು ಅವನಿಗೆ ಮಾತ್ರ ಸಮಾಧಾನ ಕೊಡಲಿಲ್ಲ. ನವೆಂಬರಿನಲ್ಲಿ, ಲಂಡನ್ನಿನ ಜರ್ಮನ್ ಸಭೆಗಳಿಗೆ ಪಾದ್ರಿಯಾಗಿ ಹೋಗಿದ್ದಾಗ, ತಂಗಿಗೂ ಭಾವನಿಗೂ ಪತ್ರ ಬರೆದ. ಆವತ್ತು ನಾನು ಯಾಕೆ ಅಷ್ಟು ಹೆದರಿದೆನೋ ನನಗೇ ಅರ್ಥವಾಗುತ್ತಿಲ್ಲ, ಕ್ಷಮಿಸಿ ಅನ್ನುವುದು ಅದರ ಸಾರ. ಏಳು ತಿಂಗಳು ಹಿಡಿದಿತ್ತು ಆ ಪತ್ರಕ್ಕೆ. 1938ರಲ್ಲಿ ಸಬೀನೆ, ಗೆರ್ಹಾರ್ಡ್ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ದೇಶ ಬಿಟ್ಟು ಇಂಗ್ಲೆಂಡಿಗೆ ಹೋದರು.

ಲಂಡನ್ನಿನಲ್ಲಿದ್ದಾಗಲೇ ಅವನಿಗೆ ಇಂಡಿಯಾದ ಹುಚ್ಚು ಹತ್ತಿತ್ತು. ಗಾಂಧೀಜಿಯ ಆಶ್ರಮದಲ್ಲಿ ಇದ್ದು ಅಹಿಂಸೆಯಿಂದ ವಿರೋಧಿಸುವುದು ಹೇಗೆ ಅಂತ ಕಲಿಯಬೇಕು ಅಂತ. ಬಿಷಪ್ ಜಾರ್ಜ್ ಬೆಲ್ ಗಾಂಧೀಜಿಗೆ ಪರಿಚಯದ ಪತ್ರ ಬರೆದರು. 1934ರ ನವೆಂಬರ್ 1ಕ್ಕೆ ಗಾಂಧೀಜಿಯ ಉತ್ತರವೂ ಬಂತು: ಬನ್ನಿ, ಖರ್ಚು ನಿಮ್ಮದು, ಊಟ ಸಸ್ಯಾಹಾರಿ. ಚಿಕ್ಕಂದಿನಲ್ಲಿ ನೋಡಿದ ಹರಿಶ್ಚಂದ್ರ ನಾಟಕವನ್ನು ಜೀವಮಾನವೆಲ್ಲ ತಲೆಯಲ್ಲಿಟ್ಟುಕೊಂಡ ಮನುಷ್ಯನೂ, ಮಗುವಿನ ಸುಳ್ಳಿನ ಪರ ವಕಾಲತ್ತು ಮಾಡಲಿದ್ದ ಮನುಷ್ಯನೂ ಎದುರುಬದುರು ಕೂತು ಮಾತಾಡಿದ್ದರೆ ಏನಾಗುತ್ತಿತ್ತೋ. ಅದು ನಡೆಯಲಿಲ್ಲ. ಹಿಟ್ಲರನ ಪರ ನಿಂತ ಅಧಿಕೃತ ಚರ್ಚಿನಿಂದ ಬೇರೆಯಾಗಿ ನಿಂತಿದ್ದ ಕನ್ಫೆಸ್ಸಿಂಗ್ ಚರ್ಚಿನವರು, ನಮ್ಮ ಹುಡುಗರಿಗೆ ಪಾದ್ರಿ ತರಬೇತಿ ಕೊಡಲು ಬಾ ಅಂತ ಕರೆದರು. ಅವನು ವಾರ್ಧಾ ಬಿಟ್ಟು ಫಿಂಕನ್‌ವಾಲ್ಡೆಗೆ ಹೋದ.

ಫಿಂಕನ್‌ವಾಲ್ಡೆ ಈಗ ಪೋಲೆಂಡಿನ ಶ್ಚೆಚಿನ್ ನಗರದ ಒಂದು ಭಾಗ. 1935ರಿಂದ 1937ರವರೆಗೆ ಅಲ್ಲಿ ನಡೆದದ್ದು ಒಂದರ್ಥದಲ್ಲಿ ನಮ್ಮದೇ ಥರದ ಓದುಗುಂಪು. ವ್ಯತ್ಯಾಸ ಅಂದರೆ ಅವರು ಒಟ್ಟಿಗೆ ಬದುಕಬೇಕಿತ್ತು. ಒಂದೊಂದು ಬ್ಯಾಚಿಗೆ ಇಪ್ಪತ್ತು ಚಿಲ್ಲರೆ ಹುಡುಗರು. ಬೆಳಗ್ಗೆ ಅರ್ಧ ಗಂಟೆ ಮೌನ, ಇಡೀ ವಾರ ಸತ್ಯವೇದದ ಒಂದೇ ಭಾಗದ ಮೇಲೆ ಧ್ಯಾನ. ಸಂಜೆ ನ್ಯೂಯಾರ್ಕಿನಿಂದ ತಂದ ಕರಿಯರ ಭಕ್ತಿಗೀತೆಗಳ ಗ್ರಾಮೋಫೋನ್ ಪ್ಲೇಟು. 1930ರಲ್ಲಿ ಓದಲು ಹೋದವನು ಹಾರ್ಲೆಮ್ಮಿನ ಕರಿಯರ ಚರ್ಚಿನಲ್ಲಿ ಸಂಡೇ ಸ್ಕೂಲ್ ಮೇಷ್ಟ್ರಾಗಿದ್ದ. ಶುರುವಿನ ದಿನಗಳಲ್ಲಿ ಅಡುಗೆಮನೆಯಲ್ಲಿ ಕೈಜೋಡಿಸಲು ಯಾರಾದರೂ ಬನ್ನಿ ಅಂದರೆ ಒಬ್ಬನೂ ಏಳಲಿಲ್ಲವಂತೆ. ಬಾನ್‌ಹೋಫರ್ ತಾನೇ ಎದ್ದು ಹೋಗಿ ಒಳಗಿಂದ ಚಿಲಕ ಹಾಕಿಕೊಂಡ. ನಾಚಿ ಹಿಂದೆ ಬಂದವರಿಗೆ ಬಾಗಿಲು ತೆಗೆಯಲಿಲ್ಲ.

ಅಲ್ಲಿದ್ದ ಒಂದು ನಿಯಮ ನಮ್ಮ ಗುಂಪಿನಲ್ಲಿ ಓದಿ ಹೇಳಿದಾಗ ನಗು ಎದ್ದಿತು. ಒಬ್ಬನ ಬಗ್ಗೆ ಅವನಿಲ್ಲದಾಗ ಮಾತಾಡಬಾರದು. ಆಡಿಬಿಟ್ಟರೆ ಆಮೇಲೆ ಹೋಗಿ ಅವನಿಗೇ ಹೇಳಬೇಕು. ಒಂದು ದಿನ ನಮ್ಮ ಆಫೀಸಿನಲ್ಲಿ ಇದನ್ನು ಜಾರಿ ಮಾಡಿ ನೋಡಿ. ಮಧ್ಯಾಹ್ನದ ಹೊತ್ತಿಗೆ ಕಾಫಿ ಮಶೀನಿನ ಹತ್ತಿರ ಒಬ್ಬರೂ ಇರಲಿಕ್ಕಿಲ್ಲ.

1937ರ ಸೆಪ್ಟೆಂಬರಿನಲ್ಲಿ ಗೆಸ್ಟಾಪೊ ಅದನ್ನು ಮುಚ್ಚಿಸಿತು. ನವೆಂಬರಿನ ಹೊತ್ತಿಗೆ ಅಲ್ಲಿಗೆ ಸಂಬಂಧಪಟ್ಟ 27 ಪಾದ್ರಿಗಳು, ಹಳೆಯ ವಿದ್ಯಾರ್ಥಿಗಳು ಜೈಲಿನಲ್ಲಿದ್ದರು.

ಮುಂದಿನ ವರ್ಷ ನಡೆದ ಒಂದು ಸಂಗತಿ ಎಲ್ಲೂ ಹೆಚ್ಚು ಪ್ರಚಾರದಲ್ಲಿಲ್ಲ, ಆದರೆ ಸಂಬಳಕ್ಕೆ ದುಡಿಯುವ ಯಾರಿಗಾದರೂ ತಟ್ಟನೆ ಅರ್ಥವಾಗುವಂಥದ್ದು. 1938ರ ಏಪ್ರಿಲ್ 20, ಹಿಟ್ಲರನ 49ನೇ ಹುಟ್ಟುಹಬ್ಬ. ಉಡುಗೊರೆಯಾಗಿ, ಪಾದ್ರಿಗಳೆಲ್ಲ ಫ್ಯೂರರಿಗೆ ನಿಷ್ಠೆಯ ಪ್ರಮಾಣ ಮಾಡಬೇಕು ಅಂತ ಪ್ರಶಿಯಾದ ಅಧಿಕೃತ ಚರ್ಚಿನ ಮುಖ್ಯಸ್ಥ ಆದೇಶ ಹೊರಡಿಸಿದ. ಕನ್ಫೆಸ್ಸಿಂಗ್ ಚರ್ಚಿನವರು, ಅಂದರೆ ವಿರೋಧಿಸಲೆಂದೇ ಬೇರೆ ನಿಂತವರು, ಸಭೆ ಸೇರಿ ಸೇರಿ ಚರ್ಚಿಸಿದರು. ಕೊನೆಗೆ ತೀರ್ಮಾನ: ಇದು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು. ಕೇಳಲಿಕ್ಕೆ ಎಷ್ಟು ಉದಾರವಾಗಿದೆ, ಅಲ್ವಾ? ಬಾನ್‌ಹೋಫರ್ ಕೆಂಡವಾದ. ಹಳ್ಳಿಯಲ್ಲಿ ಒಬ್ಬಂಟಿಯಾಗಿ, ಹೆಂಡತಿ ಮಕ್ಕಳ ಜೊತೆ, ಕೆಲಸದ ಭಯದಲ್ಲಿರುವ ಯುವಕ ಪಾದ್ರಿಗೆ ನಿನ್ನಿಷ್ಟ ಅನ್ನುವುದೆಂದರೆ ಅವನನ್ನು ನಡುನೀರಿನಲ್ಲಿ ಕೈಬಿಡುವುದು. ಬಹುಪಾಲು ಜನ ಪ್ರಮಾಣ ಮಾಡಿದರು. ಆಗಸ್ಟಿನಲ್ಲಿ ಹಿಟ್ಲರನ ಪಕ್ಷದ ಕಚೇರಿಯಿಂದ ಮಾರ್ಟಿನ್ ಬೋರ್ಮನ್ನನ ಪತ್ರ ಹೊರಬಿತ್ತು: ಈ ಪ್ರಮಾಣ ಚರ್ಚಿನ ಒಳಗಿನ ವಿಷಯ, ಪಕ್ಷಕ್ಕೂ ಸರ್ಕಾರಕ್ಕೂ ಇದರಿಂದ ಆಗಬೇಕಾದ್ದು ಏನಿಲ್ಲ. ಕೇಳಬೇಕಾದವರು ಕೇಳಿಯೇ ಇರಲಿಲ್ಲ. ಇವರು ಮಾತ್ರ ಕೊಟ್ಟು ಮುಗಿಸಿದ್ದರು.

ಆ ನವೆಂಬರಿನಲ್ಲಿ ಜರ್ಮನಿಯ ಸಿನಗಾಗ್‌ಗಳು ಉರಿದವು. ಬಾನ್‌ಹೋಫರನ ಸತ್ಯವೇದದಲ್ಲಿ 74ನೇ ಕೀರ್ತನೆಯ ಪಕ್ಕ, ದೇಶದ ಆರಾಧನಾಸ್ಥಳಗಳನ್ನು ಸುಟ್ಟ ಮಾತು ಬರುವ ಸಾಲಿನ ಹತ್ತಿರ, ಅವನ ಕೈಬರಹದಲ್ಲಿ ಒಂದು ತಾರೀಕು ಇದೆ: 9.11.38. ಟಿಪ್ಪಣಿ, ವ್ಯಾಖ್ಯಾನ ಏನೂ ಇಲ್ಲ.

1939ರ ಜೂನಿನಲ್ಲಿ ಸ್ನೇಹಿತರು ಅವನನ್ನು ನ್ಯೂಯಾರ್ಕಿಗೆ ಕಳಿಸಿ ಬಚಾವ್ ಮಾಡಲು ನೋಡಿದರು. ಜುಲೈಯಲ್ಲಿ ವಾಪಸ್ ಬಂದ. ಅಲ್ಲಿಂದ ಮುಂದಿನದು ಪೂರಾ ಸುಳ್ಳಿನ ಬದುಕು. ಭಾವ ಹಾನ್ಸ್ ಫಾನ್ ದೋನಾನ್ಯಿ ಸೇನೆಯ ಗುಪ್ತಚರ ವಿಭಾಗವಾದ ಆಬ್‌ವೆರ್‌ನಲ್ಲಿದ್ದ. ಹಿಟ್ಲರನನ್ನು ಉರುಳಿಸುವ ಸಂಚು ಅಲ್ಲೇ ಹೊಗೆಯಾಡುತ್ತಿತ್ತು. ಬಾನ್‌ಹೋಫರನೂ ಹೆಸರಿಗೆ ಅಲ್ಲಿನ ಏಜೆಂಟ್ ಆದ. 1940ರ ಜೂನ್ 17ಕ್ಕೆ, ಈಗಿನ ಲಿಥುವೇನಿಯಾದ ಮೇಮೆಲ್ ಊರಿನ ಒಂದು ತೆರೆದ ಕೆಫೆಯಲ್ಲಿ ಸ್ನೇಹಿತ ಎಬರ್‌ಹಾರ್ಡ್ ಬೆತ್ಗೆ ಜೊತೆ ಕೂತಿದ್ದ. ಫ್ರಾನ್ಸ್ ಶರಣಾಯಿತು ಅಂತ ಲೌಡ್‌ಸ್ಪೀಕರ್ ಕೂಗಿತು. ಜನ ಕುರ್ಚಿ ಹತ್ತಿ ಕುಣಿದರು, ಕೈ ಮುಂದೆ ಚಾಚಿ ಹಾಡಿದರು. ಬಾನ್‌ಹೋಫರನೂ ಕೈ ಚಾಚಿದ. ದಂಗಾಗಿ ನಿಂತ ಬೆತ್ಗೆಗೆ, ಕೈ ಎತ್ತು, ಪ್ರಾಣ ಕೊಡಬೇಕಾದ ಸಂಗತಿಗಳು ಬೇರೆ ಇವೆ, ಈ ಸಲ್ಯೂಟಿಗಲ್ಲ ಅನ್ನುವ ಹಾಗೆ ಪಿಸುಗುಟ್ಟಿದ. ಎರಡು ವರ್ಷದ ಹಿಂದೆ ಪ್ರಮಾಣದ ಬಗ್ಗೆ ಕೆಂಡವಾದವನು ಇವನೇ.

ಹತ್ಯೆಯ ಸಂಚಿನಲ್ಲಿ ಅವನ ಪಾತ್ರ ಸಿನಿಮಾದಲ್ಲಿ ತೋರಿಸುವಷ್ಟು ದೊಡ್ಡದಲ್ಲ; ಬಾಂಬು ಮುಟ್ಟಿದವನಲ್ಲ. ನನಗೆ ಮುಖ್ಯ ಅನ್ನಿಸೋದು ಇನ್ನೊಂದು ಕೆಲಸ. 1942ರಲ್ಲಿ ದೋನಾನ್ಯಿ ಮತ್ತು ಸಂಗಡಿಗರು 14 ಜನರನ್ನು, ಹೆಚ್ಚಿನವರು ಯಹೂದಿ ಮೂಲದವರು, ಆಬ್‌ವೆರ್‌ನ ಏಜೆಂಟರು ಅಂತ ಸುಳ್ಳು ಕಾಗದ ಮಾಡಿ ಸ್ವಿಟ್ಜರ್ಲೆಂಡಿಗೆ ದಾಟಿಸಿದರು. ಅಲ್ಲಿ ಅವರನ್ನು ಒಳಗೆ ಬಿಡಿಸಲು ಬಾನ್‌ಹೋಫರನ ಚರ್ಚ್ ಪರಿಚಯಗಳು ಕೆಲಸಕ್ಕೆ ಬಂದವು. ಅವರಿಗಾಗಿ ಕಳಿಸಿದ ಹಣದ ಲೆಕ್ಕ ಹಿಡಿದುಕೊಂಡೇ ತನಿಖೆ ಶುರುವಾಗಿ 1943ರ ಏಪ್ರಿಲ್ 5ಕ್ಕೆ ಭಾವ–ಬಾಮೈದ ಇಬ್ಬರ ಬಂಧನವೂ ಆಯಿತು. ಹೌದು, ಬ್ಯಾಂಕಿನ ಹುಡುಗಾ, ಅವನನ್ನು ಹಿಡಿದದ್ದು ಒಂದರ್ಥದಲ್ಲಿ ಆಡಿಟ್ಟೇ.

ಜೈಲಿನಲ್ಲಿ ವಿಚಾರಣೆ ಮಾಡುವವರಿಗೆ ಅವನು ತಿಂಗಳುಗಟ್ಟಲೆ ಸುಳ್ಳು ಹೇಳಿದ. ಮನೆಯವರ ಹೇಳಿಕೆಗೂ ಅವನ ಹೇಳಿಕೆಗೂ ತಾಳೆಯಾಗಬೇಕಲ್ಲ, ಅದಕ್ಕೆ ಪುಸ್ತಕಗಳೇ ದಾರಿ. ಒಳಗೆ ಹೋಗಿಬರುವ ಪುಸ್ತಕದಲ್ಲಿ ಅವನ ಹೆಸರಿನ ಕೆಳಗೆ ಗೆರೆ ಎಳೆದಿದ್ದರೆ ಅದರಲ್ಲಿ ಸಂದೇಶ ಇದೆ ಎಂದರ್ಥ. ಕೊನೆಯ ಪುಟದಿಂದ ಹಿಂದಕ್ಕೆ ಕೆಲವು ಪುಟಕ್ಕೊಂದರಂತೆ ಒಂದೊಂದು ಅಕ್ಷರದ ಕೆಳಗೆ ಸಣ್ಣ ಪೆನ್ಸಿಲ್ ಚುಕ್ಕೆ. ಅಮ್ಮ ಅಪ್ಪ ರಾತ್ರಿ ಕೂತು ಅಕ್ಷರ ಕೂಡಿಸುತ್ತಿದ್ದರು. ಈ ನಡುವೆ, ಅದೇ ಸೆಲ್ಲಿನಲ್ಲಿ ಕೂತು, ಆ ಮಗು ಮತ್ತು ಮೇಷ್ಟ್ರ ಪ್ರಬಂಧ.

ಇದನ್ನೆಲ್ಲ ನಾನು ಗುಂಪಿನಲ್ಲಿ ಎರಡು ಭಾನುವಾರ ಹಿಡಿದು ಹೇಳಿದೆ. ಹಾಗಾದರೆ ಬಾನ್‌ಹೋಫರ್ ಹೇಳೋದು ಒಳ್ಳೇ ಕಾರಣಕ್ಕಾದರೆ ಸುಳ್ಳು ತಪ್ಪಲ್ಲ ಅಂತ ಅಲ್ವಾ, ಅಂದಳು ನರ್ಸ್. ಅಲ್ಲ, ಅಲ್ಲಿಗೇ ನಾವು ಎಡವೋದು. ಅರ್ಧಕ್ಕೇ ನಿಂತ ಅವನ 'ಎಥಿಕ್ಸ್' ಪುಸ್ತಕ ಬೆತ್ಗೆಯ ಸಂಪಾದನೆಯಲ್ಲಿ ಬಂದದ್ದು 1949ರಲ್ಲಿ. ಅದರಲ್ಲಿ ಅವನು ಮತ್ತೆ ಮತ್ತೆ ಬರುವುದು ಅಪರಾಧವನ್ನು ಹೊತ್ತುಕೊಳ್ಳುವ ಮಾತಿಗೆ. ಇನ್ನೊಬ್ಬನಿಗಾಗಿ ನಿಯಮ ಮುರಿದವನು, ನಾನು ಮಾಡಿದ್ದು ತಪ್ಪೇ ಅಲ್ಲ ಅಂತ ಲೆಕ್ಕ ಚುಕ್ತಾ ಮಾಡಿಕೊಳ್ಳುವ ಹಾಗಿಲ್ಲ. ಭಾರ ಅವನದೇ. ಕೈ ಕೊಳೆಯಾಗದಂತೆ ಉಳಿಯಬೇಕು ಅನ್ನುವ ಆಸೆಯೂ ಒಂದು ಸ್ವಾರ್ಥ. ಕೊಳೆಯಾದ ಕೈಯನ್ನು ಶುದ್ಧ ಅನ್ನುವುದು ಇನ್ನೊಂದು. ನನಗೆ ಇದು ಹರಿಶ್ಚಂದ್ರನಿಗಿಂತ ಸುಲಭದ ದಾರಿ ಅಂತ ಅನ್ನಿಸಲಿಲ್ಲ. 1933ರ ಸಂಸ್ಕಾರಕ್ಕೆ ಹೋಗದವನು ಮಾತ್ರ ಹೀಗೆ ಬರೆಯಬಲ್ಲ ಅನ್ನುವುದು ನನ್ನ ಗುಮಾನಿ. ಆವತ್ತು ಅವನ ಕೈ ಶುದ್ಧವಾಗಿಯೇ ಇತ್ತು.

1945ರ ಏಪ್ರಿಲ್ 9ಕ್ಕೆ ಫ್ಲೋಸೆನ್‌ಬುರ್ಗ್ ಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು. ಎರಡು ವಾರಕ್ಕೆ ಅಮೆರಿಕನ್ ಸೈನ್ಯ ಅಲ್ಲಿಗೆ ಬಂತು. ಅದೇ ತಿಂಗಳು ದೋನಾನ್ಯಿ, ಅಣ್ಣ ಕ್ಲಾಸ್, ಇನ್ನೊಬ್ಬ ಭಾವ ರೂಡಿಗರ್ ಶ್ಲೈಶರ್ ಕೂಡ ಹೋದರು. ಒಂದೇ ಮನೆಯ ನಾಲ್ವರು.

ಟೀಚರ್ ಪೂರ್ತಿ ಕೇಳಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಾ, "ಅದೆಲ್ಲ ಆಯ್ತು. ನಾನು ಕೇಳಿದ್ದಕ್ಕೆ ನೀನು ಉತ್ತರ ಹೇಳ್ಲೇ ಇಲ್ಲ" ಅಂದರು.

ಹೇಳಿರಲಿಲ್ಲ. ಆ ಹುಡುಗಿ ಹೆರಿಗೆ ರಜೆ ಮುಗಿಸಿ ಬಂದ ನಾಲ್ಕನೇ ತಿಂಗಳಿಗೆ ಜನರನ್ನು ತೆಗೆಯುವ ಪಟ್ಟಿ ಬಂತು. ಅದನ್ನು ಅಂತಿಮ ಮಾಡಿದ ಮೀಟಿಂಗಿನಲ್ಲಿ ನಾನೂ ಇದ್ದೆ. ಅವಳ ಹೆಸರು ಸ್ಕ್ರೀನಿನ ಮೇಲೆ ಬಂದಾಗ, ಯಾರಿಗಾದರೂ ಆಕ್ಷೇಪ ಇದೆಯಾ ಅಂತ ಕೇಳಿದರು. ಕೇಳುವ ಹಕ್ಕು ಇದ್ದವರೇ ಕೇಳಿದ ಪ್ರಶ್ನೆ ಅದು. ನಾನು ಲ್ಯಾಪ್‌ಟಾಪ್ ನೋಡ್ತಾ ಕೂತೆ. ಸುಳ್ಳೇನೂ ಹೇಳಲಿಲ್ಲ. ಅವಳ ಕೊನೆಯ ದಿನ ನಾನು ವರ್ಕ್ ಫ್ರಮ್ ಹೋಮ್ ತಗೊಂಡಿದ್ದೆ.

ಇದು ನಡೆದು ಒಂದೂವರೆ ವರ್ಷ. ಆ ಭಾನುವಾರ ಟೀಚರ್ ಎದುರಿಗೆ ಹೇಳಿಬಿಟ್ಟೆ. ಅವರು ಏನೂ ಅನ್ನಲಿಲ್ಲ, ಇನ್ನೊಂದು ಲೋಟ ಚಹಾ ಕೊಟ್ಟರು. ಸಂಜೆ ಮನೆಗೆ ಬಂದು ಆ ಹುಡುಗಿಗೆ ಫೋನ್ ಮಾಡಿದೆ. ಮಗು, ಹೊಸ ಕೆಲಸ, ಕೆ.ಆರ್. ಪುರದ ಟ್ರಾಫಿಕ್ಕು ಅಂತ ಐದು ನಿಮಿಷ ಮಾತಾಯಿತು. ಆಮೇಲೆ ಸ್ವಲ್ಪ ಹೊತ್ತು ಎರಡೂ ಕಡೆ ಮೌನ. ಅವಳೇ ಕೇಳಿದಳು.

"ಆ ಲಿಸ್ಟ್ ಮಾಡಿದ ಮೀಟಿಂಗಲ್ಲಿ ನೀವೂ ಇದ್ರಾ?"

ಇದ್ದೆ ಅಂದೆ.